ಅಪ್‌ಡೇಟ್: ಆ ಪೋಲಿಷ್ ಹೆಸರಿನೊಳಗೆ ಮೊಲ ಅಡಗಿತ್ತು

ಮನಶ್ಶಾಸ್ತ್ರದ ಲೇಖನವೊಂದನ್ನು ಅನುವಾದಿಸುವಾಗ ಅಮೆರಿಕದ ವಿಜ್ಞಾನಿ ರಾಬರ್ಟ್ 'ಜೆಡ್-ಎ-ಜೆ-ಒ-ಎನ್-ಸಿ' ಅವರ ಅಡ್ಡಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದು, ಅದರ ಅರ್ಥವೇನು ಎಂದು ಹೋದ ವಾರ ಕೇಳಿದ್ದೆ. ಗಂಟು ಬಿಚ್ಚಿತು.

ಊರಿನ ಹೆಸರಿಗೆ 'ಸ್ಕಿ' ಸೇರಿರಬಹುದು ಎಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. ಇಲ್ಲಿ ಆ ಪ್ರತ್ಯಯವೇ ಇಲ್ಲ. ಇದೇ ಕಾಗುಣಿತದಲ್ಲಿ ನಿಘಂಟು ತಡಕಿದ್ದೂ ವ್ಯರ್ಥ. ಕೈಹಿಡಿದದ್ದು "ಬಾಲವಿರುವ 'ಎ' ಅಕ್ಷರವನ್ನು ಹುಡುಕಿ" ಎಂದವರ ಮಾತು. ಪೋಲಿಷ್‌ನಲ್ಲಿ ಆ ಅಕ್ಷರಕ್ಕೆ 'ಒನ್' ಎಂಬಂಥ ಅನುನಾಸಿಕ ಉಚ್ಚಾರ. ಹೊರದೇಶಗಳಲ್ಲಿ ಬಾಲದ ಅಕ್ಷರ ಇಲ್ಲದ್ದರಿಂದ ಕೇಳಿಸಿದಂತೆ 'ಒ', 'ಎನ್' ಎಂದು ಬರೆದುಕೊಂಡವರುಂಟು. 'ಪಿಯೊಂಟೆಕ್' ಎಂಬ ಅಡ್ಡಹೆಸರು ಕೂಡ ಹಾಗೆಯೇ, ಅದರ ಮೂಲಾರ್ಥ ಶುಕ್ರವಾರ. ನಾನು ಕೇಳಿದ್ದ ಹೆಸರಿನ 'ಒ', 'ಎನ್' ಅನ್ನು ಮತ್ತೆ ಆ ಬಾಲದ ಅಕ್ಷರಕ್ಕೆ ತಿರುಗಿಸಿದರೆ 'ಜಾಯೊಂಟ್ಸ್', ಅಂದರೆ ಮೊಲ! ಪೋಲೆಂಡಿನಲ್ಲಿ ಇದು ತೀರಾ ಸಾಮಾನ್ಯ ಅಡ್ಡಹೆಸರು; ಅಪರೂಪವಾದದ್ದು ವೇಷ ಮಾತ್ರ.

ಅಮೆರಿಕದಲ್ಲಿ ಇದನ್ನು 'ಸೈನ್ಸ್' ಪದಕ್ಕೆ ಪ್ರಾಸವಾಗುವಂತೆ ಉಚ್ಚರಿಸುತ್ತಾರಂತೆ. ರಾಬರ್ಟ್ ಅವರು 1923ರಲ್ಲಿ ಪೋಲೆಂಡಿನಲ್ಲೇ ಹುಟ್ಟಿದವರಾದ್ದರಿಂದ ನಾನು 'ಜಾಯೊಂಟ್ಸ್' ಎಂದೇ ಬರೆದಿದ್ದೇನೆ. ಪದೇ ಪದೇ ಕಂಡದ್ದು ಇಷ್ಟವಾಗತೊಡಗುತ್ತದೆ ಎಂದು 1968ರಲ್ಲಿ ತೋರಿಸಿದವರು ಇವರೇ. ವಾರವಿಡೀ ಈ ಹೆಸರನ್ನು ನೋಡಿದ ನನಗೂ ಈಗ ಅದರ ಮೇಲೆ ಪ್ರೀತಿ ಹುಟ್ಟಿದೆ.