ವೆಟ್ ಲೈನರ್ ಹೊರಮೈಯಲ್ಲಿ ತೂತು, ಮತ್ತೆ ಹಾಕಬಹುದಾ?

ನೇಗಿಲು35:
ಮೂರು ಸಿಲಿಂಡರ್ ಟ್ರ್ಯಾಕ್ಟರ್. ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದೆ, ಹೆಡ್ ಗ್ಯಾಸ್ಕೆಟ್ ಚೆನ್ನಾಗಿದೆ. ಎರಡು ಲೈನರ್ (ಒಳಗೆ ಪಿಸ್ಟನ್ ಓಡಾಡುವ, ಹೊರಗೆ ನೀರು ತಾಗುವ ಕೊಳವೆ) ಹೊರಗೆ ಬಂದವು, ನಡುವಿನದು ಅಲ್ಲಾಡ್ತಿಲ್ಲ. ಕೆಳಗಿನಿಂದ ಮರದ ತುಂಡಿಟ್ಟು ಹೊಡೆಯಬಹುದಾ? ಬಂದವುಗಳ ಹೊರಮೈಯಲ್ಲಿ ಒಂದೇ ಬದಿಗೆ ಸೂಜಿ ಚುಚ್ಚಿದಂಥ ತೂತುಗಳಿವೆ. ಒಳಮೈ, ಅಂದ್ರೆ ಬೋರ್, ನುಣ್ಣಗಿದೆ.

ಪಾನಾ_ಪಕ್ಕಡ್:
ಹೊಡೀಬೇಡಿ ಸರ್. ಲೈನರ್ ವಾರೆಯಾಗಿ ಸಿಕ್ಕಿಕೊಂಡರೆ ಬ್ಲಾಕಿನಲ್ಲಿ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಕೂರುವ ಜಾಗ ಗೀರಿಹೋಗುತ್ತೆ, ಆಮೇಲೆ ಯಾವ ರಿಂಗ್ ಹಾಕಿದ್ರೂ ನೀರು ನಿಲ್ಲಲ್ಲ. ವಾಟರ್ ಜಾಕೆಟ್ (ಲೈನರ್ ಸುತ್ತ ನೀರು ಹರಿಯುವ ಜಾಗ) ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ. ಲೈನರ್ ಎಳೆಯುವ ಪುಲ್ಲರಿನ ಪ್ಲೇಟ್ ಲೈನರಿನ ಕೆಳ ಅಂಚಿಗೆ ಮಾತ್ರ ಹಿಡಿಯಬೇಕು, ಬ್ಲಾಕಿಗೆ ತಾಗಬಾರದು. ಓ-ರಿಂಗ್ ಬಿಟ್ಟುಕೊಂಡ ಮೇಲೆ ಕೈಯಲ್ಲೇ ಬರುತ್ತೆ. ಕ್ರ್ಯಾಂಕ್ ಜರ್ನಲ್‌ಗೆ (ಕ್ರ್ಯಾಂಕ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಭಾಗ) ಬಟ್ಟೆ ಸುತ್ತಿಡಿ, ಉದುರುವ ತುಕ್ಕು ಆಯಿಲ್ ತೂತಿಗೆ ಇಳಿದರೆ ಬೇರಿಂಗ್ ಕಥೆ ಮುಗೀತು. ಎಳೆಯೋ ಮೊದಲೇ ಸಿಲಿಂಡರ್ ನಂಬರ್, ಮುಂದಿನ ಬದಿ ಗುರುತು ಮಾಡಿ.

ಡೀಸೆಲ್_ಹಾಸನ:
ಆ ತೂತು ತುಕ್ಕಲ್ಲ, ಕ್ಯಾವಿಟೇಶನ್. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗುತ್ತೆ, ನೀರಿನಲ್ಲಿ ಆವಿಯ ಗುಳ್ಳೆ ಹುಟ್ಟಿ ಲೈನರ್ ಮೇಲೇ ಒಡೆದು ಲೋಹ ಕಿತ್ತುಹಾಕುತ್ತೆ. ಅದಕ್ಕೇ ಕ್ರ್ಯಾಂಕಿಗೆ ಅಡ್ಡಲಾದ ಬದಿಯಲ್ಲೇ ಜಾಸ್ತಿ. ಕೂಲಂಟ್ ಇಲ್ಲದೆ ಬರೀ ಬೋರ್‌ವೆಲ್ ನೀರು ತುಂಬಿಸಿದರೆ ರಕ್ಷಣೆಯೂ ಇಲ್ಲ, ಮೇಲೆ ಸುಣ್ಣದ ಪದರ ಬೇರೆ. ತೂತು ಆರಪಾರ ಆಗಿದೆಯಾ ನೋಡಲು ಲೈನರ್ ತೊಳೆದು ಒಣಗಿಸಿ, ಬೋರ್ ಒಳಗೆ ಸೀಮೆಸುಣ್ಣ ಹಚ್ಚಿ, ಹೊರಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಸುಣ್ಣದಲ್ಲಿ ಒದ್ದೆ ಚುಕ್ಕೆ ಕಂಡರೆ ಸ್ಕ್ರ್ಯಾಪ್. ಚುಕ್ಕೆ ಇಲ್ಲದಿದ್ದರೂ ತೂತು ಆಳವಾಗಿದ್ದರೆ ಹಾಕಬೇಡಿ.

ನೇಗಿಲು35:
ಅಳತೆ ಎಲ್ಲಿ ತಗೋಬೇಕು?

ಪಾನಾ_ಪಕ್ಕಡ್:
ಬೋರ್ ನುಣ್ಣಗಿದೆ ಅಂದ್ರೆ ಹೋನಿಂಗ್ ಗೀರು (ಆಯಿಲ್ ಹಿಡಿದಿಡಲು ಬೋರ್ ಒಳಗೆ ಹಾಕಿರುವ ಸಣ್ಣ ಅಡ್ಡಗೀರು) ಸವೆದಿದೆ ಅಂತ, ಅದು ಒಳ್ಳೆಯ ಲಕ್ಷಣವಲ್ಲ. ಬೋರ್ ಗೇಜನ್ನು ಮೇಲಿನ ರಿಂಗ್ ನಿಲ್ಲುವ ಮಟ್ಟ, ನಡು, ಕೆಳಗೆ ಇಡಿ. ಪ್ರತಿ ಕಡೆ ಕ್ರ್ಯಾಂಕ್ ನೇರಕ್ಕೊಂದು, ಅಡ್ಡಕ್ಕೊಂದು. ಸವೆತ ಹೆಚ್ಚಿರೋದು ಮೇಲೇ. ರಿಂಗ್ ತಲುಪದ ತುದಿಯ ಪಟ್ಟಿ ಸವೆದಿರಲ್ಲ, ಕಾರ್ಬನ್ ಕೆರೆದು ಅದನ್ನೇ ಸೊನ್ನೆಯಾಗಿ ಹಿಡಿಯಿರಿ. ಮಿತಿ ಎಷ್ಟು ಅಂತ ನಿಮ್ಮ ಎಂಜಿನ್ ಮ್ಯಾನ್ಯುಯಲ್ಲೇ ಹೇಳಬೇಕು.

ಡೀಸೆಲ್_ಹಾಸನ:
ಹೊಸ ಲೈನರನ್ನು ಮೊದಲು ಓ-ರಿಂಗ್ ಇಲ್ಲದೆ ಕೂರಿಸಿ, ಒತ್ತಿ ಹಿಡಿದು, ಬ್ಲಾಕ್ ಮಟ್ಟಕ್ಕಿಂತ ಎಷ್ಟು ಮೇಲಿದೆ ಅಂತ ನಾಲ್ಕು ಕಡೆ ಡಯಲ್ ಗೇಜ್‌ನಲ್ಲಿ ನೋಡಿ. ಒಂದು ಕಡೆ ಕಡಿಮೆ ಬಂದರೆ ಗ್ಯಾಸ್ಕೆಟ್ ಅಲ್ಲೇ ಹೋಗುತ್ತೆ. ಬಹಳ ಸಲ ಬ್ಲಾಕಿನಲ್ಲಿ ಲೈನರ್ ಕೂರುವ ಮೆಟ್ಟಿಲ ಮೇಲೆ ಉಳಿದ ತುಕ್ಕಿನ ಚೂರೇ ಕಾರಣ. ಓ-ರಿಂಗ್‌ಗೆ ಸೋಪು ನೀರು ಸಾಕು. ಕೆಲವು ರಬ್ಬರ್ ಎಂಜಿನ್ ಆಯಿಲ್ ತಾಗಿದರೆ ಉಬ್ಬುತ್ತೆ. ಪಿಸ್ಟನ್ ಹಾಕೋ ಮೊದಲು ಜಾಕೆಟ್‌ಗೆ ನೀರು ತುಂಬಿ ರಾತ್ರಿ ಬಿಟ್ಟು ಕೆಳಗಿನಿಂದ ಟಾರ್ಚ್ ಹಾಕಿ. ಒಂದು ಹನಿ ಕಂಡರೂ ಅದೇ ಲೈನರ್ ಮತ್ತೆ ಎತ್ತಿ.