ಡಿಎಲ್‌ಎಲ್ ಹಾಕಿದ ಮೇಲೆ ಬೇರೆ ಎರರ್ ಬರ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ. ಹೊಸ ಲ್ಯಾಪ್‌ಟಾಪ್, ವಿಂಡೋಸ್ 11. ಆಡಿಯೋ ಎಡಿಟ್ ಮಾಡುವ ಒಂದು ಹಳೆ ಸಾಫ್ಟ್‌ವೇರ್ ಹಾಕಿಕೊಂಡೆ. ಹಿಂದಿನ ಕಂಪ್ಯೂಟರಿನಲ್ಲಿ ಅದನ್ನು ವರ್ಷಗಟ್ಟಲೆ ಬಳಸಿದ್ದೇನೆ. ಇಲ್ಲಿ ತೆರೆದರೆ ‘ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗಲಿಲ್ಲ’ ಅಂತ ಬಂತು. ಹುಡುಕಿ, ಆ ಫೈಲನ್ನು ಯಾವುದೋ ಸೈಟಿನಿಂದ ಇಳಿಸಿಕೊಂಡು ಸಿಸ್ಟಮ್32 ಫೋಲ್ಡರಿಗೆ ಹಾಕಿದೆ. ಈಗ ‘0ಎಕ್ಸ್‌ಸಿ000007ಬಿ’ ಎಂಬ ಬೇರೆ ಎರರ್ ಬರುತ್ತಿದೆ. ನಾಲ್ಕು ಸಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ವಿಂಡೋಸನ್ನೇ ಹೊಸದಾಗಿ ಹಾಕಬೇಕಾ?

ಉತ್ತರ: ಬೇಡ, ವಿಂಡೋಸನ್ನು ಮುಟ್ಟಬೇಡಿ. ಎರಡೂ ಎರರ್‌ಗಳನ್ನು ಇದ್ದ ಹಾಗೇ ಬರೆದಿದ್ದೀರಿ, ಅದರಿಂದ ಅರ್ಧ ಕೆಲಸ ಆಯ್ತು. ‘ಓಪನ್ ಆಗ್ತಿಲ್ಲ’ ಅಂತಷ್ಟೇ ಬರೆದಿದ್ದರೆ ನಾನು ಸುಮ್ನೆ ಊಹೆ ಮಾಡಬೇಕಿತ್ತು.

ವಿಸಿರನ್‌ಟೈಮ್140 ಒಂದು ಡಿಎಲ್‌ಎಲ್, ಅಂದರೆ ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಫೈಲ್. ಅದು ನಿಮ್ಮ ಸಾಫ್ಟ್‌ವೇರಿನ ಸ್ವಂತದ್ದಲ್ಲ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ಬಳಸಿ ಬರೆದ ಪ್ರೋಗ್ರಾಮ್‌ಗಳು ಎಲ್ಲರಿಗೂ ಬೇಕಾಗುವ ಕೆಲವು ಕೆಲಸಗಳಿಗೆ ಈ ಫೈಲನ್ನು ಕರೆಯುತ್ತವೆ. ಅದು ‘ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಹಳೆ ಕಂಪ್ಯೂಟರಿನಲ್ಲಿ ಬೇರೆ ಯಾವುದೋ ಪ್ರೋಗ್ರಾಮ್ ಅದನ್ನು ಮೊದಲೇ ಹಾಕಿಟ್ಟಿರಬೇಕು. ಅದಕ್ಕೇ ಅಲ್ಲಿ ನಿಮಗೆ ಇದರ ಸುದ್ದಿಯೇ ಇರಲಿಲ್ಲ.

ಇನ್ನು ಎರಡನೇ ಎರರ್. ಪ್ರೋಗ್ರಾಮ್‌ಗಳಲ್ಲಿ 32 ಬಿಟ್ (ಹಳೆಯದು), 64 ಬಿಟ್ (ಈಗಿನದು) ಅಂತ ಎರಡು ಬಗೆ, ಒಂದರ ಡಿಎಲ್‌ಎಲ್ ಇನ್ನೊಂದಕ್ಕೆ ಹೊಂದುವುದಿಲ್ಲ. 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಡಿಎಲ್‌ಎಲ್ ಸಿಕ್ಕಾಗ, ಅಥವಾ ಅದರ ತಿರುಗಾಮುರುಗಾ ಆದಾಗ, ಸಾಮಾನ್ಯವಾಗಿ ಬರುವುದು ಇದೇ ನಂಬರ್. ಇಲ್ಲಿ ಹೆಸರುಗಳೇ ಜನರನ್ನು ದಾರಿ ತಪ್ಪಿಸುತ್ತವೆ. 64 ಬಿಟ್ ವಿಂಡೋಸಿನಲ್ಲಿ ‘ಸಿಸ್ಟಮ್32’ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲ್‌ಗಳು. 32 ಬಿಟ್ ಫೈಲ್‌ಗಳು ಇರುವುದು ‘ಸಿಸ್‌ವೌ64’ ಎಂಬ ಫೋಲ್ಡರಿನಲ್ಲಿ. ಹೆಸರಿಗೂ ಒಳಗಿರುವುದಕ್ಕೂ ತಾಳಮೇಳ ಇಲ್ಲ. ನೀವು ಇಳಿಸಿದ್ದು 32 ಬಿಟ್ ಫೈಲ್ ಆಗಿರಬೇಕು.

ಹೀಗೆ ಮಾಡಿ. ನೀವು ಕೈಯಾರೆ ಹಾಕಿದ ಆ ಒಂದು ಫೈಲನ್ನು ಮಾತ್ರ ಸಿಸ್ಟಮ್32ರಿಂದ ಅಳಿಸಿ. ಅಕ್ಕಪಕ್ಕದ ಯಾವುದನ್ನೂ ಮುಟ್ಟಬೇಡಿ. ಆಮೇಲೆ ಮೈಕ್ರೋಸಾಫ್ಟ್‌ನ ಸ್ವಂತ ಸೈಟಿನಿಂದ ರೀಡಿಸ್ಟ್ರಿಬ್ಯೂಟಬಲ್ ಇಳಿಸಿಕೊಳ್ಳಿ. 2015ರಿಂದ 2022ರವರೆಗಿನ ಎಲ್ಲಕ್ಕೂ ಒಂದೇ ಪ್ಯಾಕೇಜ್ ಸಾಕು. ಆದರೆ ಎಕ್ಸ್86, ಎಕ್ಸ್64 ಎರಡನ್ನೂ ಹಾಕಿ. ಕಂಪ್ಯೂಟರ್ 64 ಬಿಟ್ ಆದರೂ 32 ಬಿಟ್ ಪ್ರೋಗ್ರಾಮಿಗೆ ಬೇಕಾಗುವುದು ಎಕ್ಸ್86. ಮೊದಲೇ ಇದೆ ಅಂತ ಹೇಳಿದರೆ ‘ರಿಪೇರ್’ ಒತ್ತಿ. ಕೊನೆಗೆ ಒಮ್ಮೆ ರೀಸ್ಟಾರ್ಟ್.

ಒಂದು ಕಳಕಳಿಯ ಮಾತು. ಬಿಡಿ ಡಿಎಲ್‌ಎಲ್ ಕೊಡುವ ಸೈಟ್‌ಗಳಿಂದ ಏನನ್ನೂ ಇಳಿಸಬೇಡಿ. ಡಿಎಲ್‌ಎಲ್ ಅಂದರೆ ಅದೂ ಪ್ರೋಗ್ರಾಮೇ. ಒಳಗೆ ಯಾರು ಏನು ಸೇರಿಸಿದ್ದಾರೋ ನೋಡಿದರೆ ಗೊತ್ತಾಗುವುದಿಲ್ಲ. ಇವತ್ತೇ ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಒಂದು ಫುಲ್ ಸ್ಕ್ಯಾನ್ ಮಾಡಿಸಿಬಿಡಿ.

ಅದೇ ಸದಸ್ಯರು: ಮಾಡಿದೆ. ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಎರಡೂ ಎರರ್ ಹೋದವು! ಆದರೆ ಈಗ ಸಾಫ್ಟ್‌ವೇರಿನ ಚಿತ್ರ ಎರಡು ಸೆಕೆಂಡ್ ಕಾಣಿಸಿ ಮಾಯವಾಗುತ್ತೆ. ಯಾವ ಸಂದೇಶವೂ ಇಲ್ಲ.

ಉತ್ತರ: ಸಂದೇಶ ನಿಮ್ಮ ಎದುರಿಗೆ ಬರಲಿಲ್ಲ ಅಷ್ಟೇ, ಎಲ್ಲೋ ಬರೆದಿಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿ. ದಿನಾಂಕದ ಪ್ರಕಾರ ಒಂದು ಪಟ್ಟಿ ಬರುತ್ತದೆ. ಇವತ್ತಿನ ಕೆಂಪು ಗುರುತು ಒತ್ತಿ ವಿವರ ನೋಡಿ. ಸಾಫ್ಟ್‌ವೇರಿನ ಫೋಲ್ಡರಿನಲ್ಲಿ ‘ಲಾಗ್’ ಅಂತ ಫೈಲ್ ಇದ್ದರೆ ಅದರ ಕೊನೆಯ ನಾಲ್ಕೈದು ಸಾಲುಗಳನ್ನೂ ಕಳಿಸಿ.

ಅದೇ ಸದಸ್ಯರು: ರಿಲಯಬಿಲಿಟಿಯಲ್ಲಿ ಸಾಫ್ಟ್‌ವೇರಿನ ಹೆಸರು ಬಿಟ್ಟು ನನಗೇನೂ ಅರ್ಥವಾಗಲಿಲ್ಲ. ಲಾಗ್‌ನ ಕೊನೆಯ ಸಾಲಿನಲ್ಲಿ ಟೆಂಪ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರಿನಲ್ಲಿ ಫೈಲ್ ಮಾಡಲು ಆಗಲಿಲ್ಲ ಅಂತಿದೆ. ಅಲ್ಲಿ ‘ಯೂಸರ್ಸ್’ ಆದ ಮೇಲೆ ನನ್ನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿವೆ.

ಉತ್ತರ: ಸಿಕ್ಕಿತು! ಲ್ಯಾಪ್‌ಟಾಪಿನಲ್ಲಿ ಅಕೌಂಟ್ ಮಾಡುವಾಗ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದ್ರಿ, ಅಲ್ವಾ?

ಅದೇ ಸದಸ್ಯರು: ಹೌದು! ಮೊದಲ ದಿನವೇ. ಅದು ತಪ್ಪಾ?

ಉತ್ತರ: ನಿಮ್ಮ ತಪ್ಪು ಖಂಡಿತ ಅಲ್ಲ. ವಿಂಡೋಸಿಗೂ ಅದರಿಂದ ತೊಂದರೆ ಇಲ್ಲ, ಅದು ಒಳಗೆಲ್ಲ ಯೂನಿಕೋಡ್, ಅಂದರೆ ಎಲ್ಲಾ ಭಾಷೆಗಳ ಅಕ್ಷರಗಳಿಗೂ ಜಾಗ ಇರುವ ದೊಡ್ಡ ಅಕ್ಷರಪಟ್ಟಿ, ಬಳಸುತ್ತದೆ. ತೊಂದರೆ ಇರುವುದು ಯೂನಿಕೋಡ್ ಬಳಸದ ಹಳೆ ಪ್ರೋಗ್ರಾಮ್‌ಗಳಲ್ಲಿ. ಅವು ‘ಕೋಡ್ ಪೇಜ್’ ಎಂಬ ಚಿಕ್ಕ ಅಕ್ಷರಪಟ್ಟಿಯನ್ನು ನೆಚ್ಚಿಕೊಂಡಿರುತ್ತವೆ. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ವಿಂಡೋಸಿನಲ್ಲಿ ಫೈಲ್ ಅಥವಾ ಫೋಲ್ಡರಿನ ಹೆಸರಿಗೆ ಆ ಚಿಹ್ನೆ ಬಳಸಲು ಬಿಡುವುದೇ ಇಲ್ಲ. ಹಾಗಾಗಿ ನಿಮ್ಮ ಸಾಫ್ಟ್‌ವೇರ್, ಎಲ್ಲೂ ಇಲ್ಲದ ಒಂದು ಫೋಲ್ಡರನ್ನು ಹುಡುಕಿ ಸೋತು ಮುಚ್ಚಿಕೊಳ್ಳುತ್ತಿದೆ. ಜಪಾನಿ, ರಷ್ಯನ್ ಭಾಷೆಗಳಿಗೆ ಹಾಗೊಂದು ಹಳೆ ಕೋಡ್ ಪೇಜ್ ಇದೆ. ವಿಂಡೋಸಿನಲ್ಲಿ ಕನ್ನಡಕ್ಕೆ ಇಲ್ಲ, ಕನ್ನಡ ಬಂದದ್ದೇ ಯೂನಿಕೋಡ್ ಜೊತೆ. ಆದ್ದರಿಂದ ಭಾಷೆಯ ಸೆಟ್ಟಿಂಗ್ ಬದಲಿಸಿ ನೋಡಿ ಎಂಬ ಸಲಹೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಹಳೆ ಪ್ರೋಗ್ರಾಮ್‌ಗಳಿಗೂ ಯುಟಿಎಫ್-8 (ಯೂನಿಕೋಡ್ ಬರೆದಿಡುವ ಒಂದು ವಿಧಾನ) ಕೊಡುವ ಒಂದು ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ, ಆಯ್ಕೆ ಇದೆ, ನಿಜ. ಆದರೆ ಅದು ಎಲ್ಲಾ ಹಳೆ ಪ್ರೋಗ್ರಾಮ್‌ಗಳ ಮೇಲೂ ಪರಿಣಾಮ ಬೀರುತ್ತದೆ. ನಾನಾದರೆ ಅದನ್ನು ಮೊದಲು ಮುಟ್ಟುವುದಿಲ್ಲ.

ಮೊದಲು ಪರೀಕ್ಷೆ ಮಾಡಿ. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಹೊಸ ಲೋಕಲ್ ಅಕೌಂಟ್ (ಈ ಕಂಪ್ಯೂಟರಿಗೆ ಮಾತ್ರ ಸೇರಿದ್ದು) ಮಾಡಿ. ಅದರಲ್ಲಿ ಲಾಗಿನ್ ಆಗಿ ಸಾಫ್ಟ್‌ವೇರ್ ತೆರೆದು ನೋಡಿ. ಈಗಿನ ಫೋಲ್ಡರಿನ ಹೆಸರನ್ನು ಮಾತ್ರ ಕೈಯಾರೆ ಬದಲಿಸಲು ಹೋಗಬೇಡಿ, ಅಕೌಂಟೇ ಕೆಡಬಹುದು.

ಇನ್ನೊಬ್ಬ ಸದಸ್ಯರು: ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ತುಂಬಾ ಹಳೆ ಸಿಡಿ ಇದೆ. ಸೆಟಪ್ ಒತ್ತಿದರೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಅನ್ನುತ್ತೆ. ಹಳೆ ವಿಂಡೋಸಿನಂತೆ ಓಡಿಸುವ ಕಂಪ್ಯಾಟಿಬಿಲಿಟಿ ಮೋಡ್ ಕೂಡ ಹಾಕಿ ನೋಡಿದೆ.

ಉತ್ತರ: ಅದು 16 ಬಿಟ್ ಸೆಟಪ್ ಆಗಿರಬಹುದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ, ಕಂಪ್ಯಾಟಿಬಿಲಿಟಿ ಮೋಡ್ ಅದನ್ನು ಬದಲಿಸಲಾರದು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ತಯಾರಕರ ಹತ್ತಿರ ಹೊಸ ಸೆಟಪ್ ಇದೆಯಾ ವಿಚಾರಿಸಿ. ಇಲ್ಲದಿದ್ದರೆ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಮೂಲಕ ಓಡುವ ಇನ್ನೊಂದು ಕಂಪ್ಯೂಟರ್) ಹಳೆ ವಿಂಡೋಸ್ ಹಾಕಿ, ಇಂಟರ್ನೆಟ್ ಕೊಡದೆ ಬಳಸಿ. ಡೌನ್‌ಲೋಡ್ ಅರ್ಧಕ್ಕೆ ನಿಂತ ಫೈಲಿಗೂ ಕೆಲವು ಸಲ ಇದೇ ಸಂದೇಶ ಬರುತ್ತದೆ. ನಿಮ್ಮದು ಸಿಡಿ ಆದ್ದರಿಂದ ಆ ಅನುಮಾನ ಕಡಿಮೆ.

ಮತ್ತೊಬ್ಬರು: ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಅಂತ ತುಂಬಾ ಜನ ಹೇಳ್ತಾರೆ. ಮಾಡಬಹುದಾ?

ಉತ್ತರ: ಮೊದಲ ಹೆಜ್ಜೆಯಾಗಿ ಬೇಡವೇ ಬೇಡ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆದು, ಅದು ನಿಜವಾಗಿ ಏನನ್ನಾದರೂ ತಡೆದಿದೆಯಾ ನೋಡಿ. ತಡೆದಿಲ್ಲ ಅಂದರೆ ಆಫ್ ಮಾಡಿ ಉಪಯೋಗವೇ ಇಲ್ಲ. ತಡೆದಿದ್ದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಯಾರದು ಅಂತ ನೋಡಿ, ತಯಾರಕರ ಸೈಟಿನಿಂದಲೇ ಮತ್ತೆ ಇಳಿಸಿಕೊಳ್ಳಿ. ಕ್ರ್ಯಾಕ್ ಮಾಡಿದ ಪ್ರತಿಗಳ ಜೊತೆ ‘ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಬಂದರೆ ಆ ಫೈಲನ್ನು ಅಲ್ಲೇ ಬಿಟ್ಟುಬಿಡಿ.

ಮೊದಲ ಸದಸ್ಯರು: ಹೊಸ ಅಕೌಂಟಿನಲ್ಲಿ ತೆರೆಯಿತು! ಹಳೆ ರೆಕಾರ್ಡಿಂಗ್‌ಗಳೂ ಓಡುತ್ತಿವೆ. ತುಂಬಾ ಥ್ಯಾಂಕ್ಸ್. ಆದರೆ ಸ್ಕ್ರೀನ್ ಮೇಲೆ ಹೆಸರು ಇಂಗ್ಲಿಷಿನಲ್ಲಿ ಬರ್ತಿರೋದು ನೋಡಿ ಸ್ವಲ್ಪ ಬೇಜಾರಾಯ್ತು.

ಉತ್ತರ: ಬೇಜಾರು ಬೇಡ, ಕನ್ನಡದ ಹೆಸರನ್ನು ಬಿಡಬೇಕಾಗಿಲ್ಲ. ಫೋಲ್ಡರ್ ತಯಾರಾಗುವುದು ಮೊದಲ ಸಲ ಲಾಗಿನ್ ಆದಾಗ ಮಾತ್ರ. ನೀವು ಈಗಾಗಲೇ ಲಾಗಿನ್ ಆಗಿದ್ದೀರಿ. ಇನ್ನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅಕೌಂಟಿನ ಹೆಸರನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಸ್ಕ್ರೀನ್ ಮೇಲೆ ಕನ್ನಡ ಬರುತ್ತದೆ, ಫೋಲ್ಡರ್ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಹಳೆ ಅಕೌಂಟನ್ನು ಈಗಲೇ ಅಳಿಸಬೇಡಿ. ಫೈಲ್‌ಗಳನ್ನೆಲ್ಲ ಕಾಪಿ ಮಾಡಿಕೊಂಡು, ಒಂದೆರಡು ವಾರ ಬಳಸಿ, ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿಯಾದ ಮೇಲೆ ತೆಗೆಯಿರಿ.