ಪೇಟೆ ಬೀದಿಯ ಸಮೀಕ್ಷೆ: ಗಿರಾಕಿಗೆ ಏನು ಕೇಳಬೇಕು, ಅಂಗಡಿಯವರಿಗೆ ಏನು? ಮಾಡಿದವರು ಹೇಳಿ

ಹೊಸಬ: ಚಿಕ್ಕ ಊರಿನ ಪೇಟೆ ಬೀದಿ, 120 ಅಂಗಡಿ. ಗಿರಾಕಿಗಳಿಗೂ ಅಂಗಡಿಯವರಿಗೂ ಪೇಟೆಯ ಬಗ್ಗೆ ಏನನ್ನಿಸುತ್ತದೆ ಅಂತ ಕೇಳಿ ವರದಿ ಕೊಡಬೇಕು. ಇರುವುದು 6 ಜನ, 2 ವಾರ. ಪಾರ್ಕಿಂಗ್ ದೂರೇ ಜಾಸ್ತಿ.

ಎಣಿಕೆಗಾರ: ಎರಡು ಪ್ರಶ್ನೆಪಟ್ಟಿಯಲ್ಲೂ ಒಂದು ಜೋಡಿ ಪ್ರಶ್ನೆ ಇರಲೇಬೇಕು. ಗಿರಾಕಿಗೆ "ಇವತ್ತು ಹೇಗೆ ಬಂದಿರಿ?", ಅಂಗಡಿಯವರಿಗೆ "ನಿಮ್ಮಲ್ಲಿಗೆ ಬರುವವರಲ್ಲಿ ನೂರಕ್ಕೆ ಎಷ್ಟು ಜನ ಕಾರಿನಲ್ಲಿ ಬರುತ್ತಾರೆ?" ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ 1991ರಲ್ಲಿ ಅಂಗಡಿಯವರು ಹೇಳಿದ್ದು ಶೇ. 58, ಲೆಕ್ಕಕ್ಕೆ ಸಿಕ್ಕಿದ್ದು 32. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ಅಂದಾಜು 41, ನಿಜ 22. ದೂರು ಹೇಳುವ ಬಾಯಿ ಕಾರಿನವರದ್ದು, ನಡೆದು ಬಂದವರು ಸುಮ್ಮನೆ ಕೊಂಡು ಹೋಗುತ್ತಾರೆ. ಅದಕ್ಕೇ ಇರಬೇಕು ಈ ಅಂತರ.

ಮೂಲೆಯಂಗಡಿ: ಬಂತು ನೋಡಿ, ಅದೇ ಎರಡು ದೊಡ್ಡ ಊರಿನ ಲೆಕ್ಕ! ಅಕ್ಕಿ ಮೂಟೆ, ಪೈಪು, ಮಂಚ ಮಾರುವವನ ಗಿರಾಕಿ ನಡೆದು ಬಂದು ತಲೆಮೇಲೆ ಹೊತ್ತು ಹೋಗ್ತಾನಾ? ಸರಾಸರಿ ತೆಗೆದರೆ ಔಷಧಿ ಅಂಗಡಿ ಹಾರ್ಡ್‌ವೇರ್ ಅಂಗಡಿಯನ್ನು ನುಂಗಿಬಿಡುತ್ತದೆ. ವ್ಯಾಪಾರದ ಬಗೆ ಬೇರೆ ಬೇರೆ ಮಾಡಿಯೇ ಬರೆಯಬೇಕು.

ಹೊಸಬರೇ, ಅಂಗಡಿಗೆ ಫಾರಂ ಬಿಸಾಕಿ ಬರಬೇಡಿ, ಗಲ್ಲಾದ ಕೆಳಗೇ ಉಳಿಯುತ್ತದೆ. ಬಾಗಿಲು ತೆಗೆದ ಮೊದಲ ಗಂಟೆ ಬೇಡ, ಸಂಜೆಯಂತೂ ಬೇಡವೇ ಬೇಡ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಹೋಗಿ, ಕೆಲಸದ ಹುಡುಗನನ್ನಲ್ಲ, ಯಜಮಾನರನ್ನೇ ಕೇಳಿ. ವಹಿವಾಟು ಎಷ್ಟು ಅಂದರೆ ಯಾರೂ ನಿಜ ಹೇಳುವುದಿಲ್ಲ. "ಹೋದ ವರ್ಷಕ್ಕಿಂತ ಹೆಚ್ಚೋ, ಅಷ್ಟೇಯೋ, ಕಮ್ಮಿಯೋ" ಅಂದರೆ ಹೇಳುತ್ತಾರೆ. ಸ್ವಂತ ಕಟ್ಟಡವೋ ಬಾಡಿಗೆಯೋ ಅಂತ ತಪ್ಪದೆ ಬರೆದುಕೊಳ್ಳಿ. ಬೀದಿ ಸುಧಾರಿಸಿದರೆ ಮೊದಲನೆಯವನಿಗೆ ಲಾಭ, ಎರಡನೆಯವನಿಗೆ ಬಾಡಿಗೆ ಏರುವ ಭಯ. ಮುಚ್ಚಿದ ಶಟರ್‌ಗಳನ್ನೂ ಎಣಿಸಿ. ಬಿಟ್ಟು ಹೋದವರನ್ನು ಹುಡುಕಿ ಕೇಳದಿದ್ದರೆ ಉಳಿದವರ ಸಮಾಧಾನವೇ ವರದಿಯಾಗುತ್ತದೆ.

ಲೆಕ್ಕಿಗ: 120 ಅಂಗಡಿಗೆ ಸ್ಯಾಂಪಲ್ ಯಾಕೆ, ಎಲ್ಲವನ್ನೂ ಹತ್ತಿ ಇಳಿಯಿರಿ. ಯಾದೃಚ್ಛಿಕವಾಗಿ ಆರಿಸಿದರೂ ±5ಕ್ಕೆ (ಉತ್ತರ ಶೇ. 5ರಷ್ಟು ಮಾತ್ರ ಆಚೀಚೆ ಆಗಬೇಕಾದರೆ) ಸುಮಾರು 92 ಅಂಗಡಿ ಬೇಕು, ಉಳಿಯುವುದು 28 ಮಾತ್ರ. ಗಿರಾಕಿಗಳಿಗೆ 384 ಬೇಕು. 100ಕ್ಕೆ ನಿಲ್ಲಿಸಿದರೆ ±10.

ಬೀದಿಯ ಎರಡು ತುದಿ, ಒಂದು ನಡು. ಒಂದೊಂದು ಕಡೆ ಇಬ್ಬರು, ಒಬ್ಬರು ಎಣಿಸಲಿಕ್ಕೆ, ಒಬ್ಬರು ಕೇಳಲಿಕ್ಕೆ. ನೆಲದ ಮೇಲೆ ಒಂದು ಗೆರೆ ಊಹಿಸಿಕೊಂಡು ಅದನ್ನು ದಾಟುವ ಪ್ರತಿ 5ನೆಯವರನ್ನು ನಿಲ್ಲಿಸಿ. ನಗುಮೊಗದವರನ್ನೇ ಆರಿಸಿಕೊಂಡರೆ ಕೆಟ್ಟಿತು. ಬರುವವರನ್ನಲ್ಲ, ಹೊರಡುವವರನ್ನು ಕೇಳಿ, ಖರ್ಚು ಆಗಿರುತ್ತದೆ. ಒಲ್ಲೆ ಅಂದವರಿಗೂ ಒಂದು ಗೀಟು. 3 ನಿಮಿಷ, 10 ಪ್ರಶ್ನೆ, ಅಷ್ಟೇ.

ಮುಖ್ಯ ಸಂಗತಿ ಇದು: ತಿಂಗಳಿಗೆ 25 ಸಲ ಬರುವವರು ಒಂದೇ ಸಲ ಬರುವವರಿಗಿಂತ 25 ಪಟ್ಟು ಸುಲಭವಾಗಿ ಕೈಗೆ ಸಿಗುತ್ತಾರೆ. "ತಿಂಗಳಿಗೆ ಎಷ್ಟು ಸಲ?" ಅಂತ ಕೇಳಿ, ಆ ಸಂಖ್ಯೆಯಿಂದ ಭಾಗಿಸಿ ತೂಕ ಕೊಡಿ, ಅಂದರೆ 25 ಸಲ ಬರುವವರ ಉತ್ತರವನ್ನು 25ರಲ್ಲಿ ಒಂದು ಪಾಲು ಅಂತ ಎಣಿಸಿ.

ಎಣಿಕೆಗಾರ: ಎಲ್ಲದಕ್ಕೂ ಭಾಗಿಸಬೇಡಿ ಗುರುಗಳೇ! ಜನರ ಅಭಿಪ್ರಾಯಕ್ಕೆ ಸರಿ. ಇವತ್ತಿನ ವ್ಯಾಪಾರದಲ್ಲಿ ಕಾರಿನವರ ಪಾಲೆಷ್ಟು ಅನ್ನುವುದು ಭೇಟಿಯ ಲೆಕ್ಕ, ಅಲ್ಲಿ ಭಾಗಿಸಿದರೆ ದಿನಾ ಬರುವವರ ದುಡ್ಡೇ ಮಾಯ.

ಲೆಕ್ಕಿಗ: "ಎಲ್ಲದಕ್ಕೂ" ಅಂತ ನಾನೆಲ್ಲಿ ಬರೆದೆ? ಪೂರ್ತಿ ಓದಿ ಆಮೇಲೆ ಪಾಠ ಹೇಳಿ.

ಸಂಜೆಗಿರಾಕಿ: ನೀವಿಬ್ಬರೂ ಬಂದವರನ್ನೇ ತೂಗುತ್ತಿದ್ದೀರಿ. ಪೇಟೆಗೆ ಬರುವುದನ್ನೇ ಬಿಟ್ಟವರು ಗೆರೆ ದಾಟುವುದಿಲ್ಲ, ಅವರಿಗೆ ಮನೆ ಬಾಗಿಲಿಗೇ ಹೋಗಬೇಕು. "ಏನೇನು ಅಂಗಡಿ ಬೇಕು?" ಅಂದರೆ ಕನಸಿನ ಪಟ್ಟಿ ಬರುತ್ತದೆ. "ಕಳೆದ ತಿಂಗಳು ಇಲ್ಲಿ ಸಿಗದೆ ಬೇರೆ ಕಡೆ ಕೊಂಡದ್ದು ಏನು?" ಅನ್ನಿ. "ಪಾರ್ಕಿಂಗ್ ಮತ್ತು ಸ್ವಚ್ಛತೆ ಹೇಗಿದೆ?" ಅಂತ ಎರಡನ್ನು ಒಂದರಲ್ಲಿ ತುರುಕಿದರೆ ಉತ್ತರ ಯಾವುದಕ್ಕೆ ಅಂತ ದೇವರಿಗೇ ಗೊತ್ತು. ಅಂಗಡಿ ಮುಚ್ಚುವ ಹೊತ್ತು, ಗಿರಾಕಿ ಬರಬಲ್ಲ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೆಳಿಗ್ಗೆ ಮಾತ್ರ ನಿಂತು ಕೇಳಿದರೆ ನೌಕರಿಯವರು ಸಿಗುವುದೇ ಇಲ್ಲ.

ಎಣಿಕೆಗಾರ: ಪಾರ್ಕಿಂಗ್‌ಗೆ ಅಭಿಪ್ರಾಯ ಕೇಳುವುದೇ ದಂಡ. ಅರ್ಧ ಗಂಟೆಗೊಮ್ಮೆ ಬೀದಿ ಸುತ್ತಿ ಪ್ರತಿ ಜಾಗದ ಗಾಡಿಯ ಕೊನೆಯ 4 ಅಂಕಿ ಬರೆದುಕೊಳ್ಳಿ. ಪಾರ್ಕಿಂಗ್ ಅಧ್ಯಯನ ಮಾಡಿದ ಡೊನಾಲ್ಡ್ ಶೂಪ್ ಹೇಳುತ್ತಿದ್ದ ಅಳತೆ ಶೇ. 85 ಭರ್ತಿ, ಅಂದರೆ ಏಳರಲ್ಲಿ ಒಂದು ಖಾಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಅಂಕಿ ಕಂಡರೆ ಅದು ಬಹುಪಾಲು ಗಿರಾಕಿಯದ್ದಲ್ಲ, ಅಂಗಡಿಯವರದ್ದೇ.

ಮೂಲೆಯಂಗಡಿ: ನಮ್ಮ ಗಾಡಿಯೇ ಕಳ್ಳ ಆಯ್ತಾ? ಸರಕು ಇಳಿಸುವುದು ಎಲ್ಲಿ, ನಿಮ್ಮ ಮನೆ ಮುಂದಾ?

ಎಣಿಕೆಗಾರ: ಸರಕು ಇಳಿಸಲು 8 ಗಂಟೆ ಬೇಕಾ? ಒಂದು ಗಂಟೆ ನಿಲ್ಲುವ 8 ಗಿರಾಕಿಗಳ ಜಾಗ ಅದು.

ಲೆಕ್ಕಿಗ: ಅರ್ಧ ಗಂಟೆಯ ಸುತ್ತಿನಲ್ಲಿ 10 ನಿಮಿಷ ನಿಂತು ಹೋದವರು ಮೂವರಲ್ಲಿ ಇಬ್ಬರು ಲೆಕ್ಕಕ್ಕೇ ಸಿಗುವುದಿಲ್ಲ. ಪಾಠ ಹೇಳುವವರು ಇದನ್ನು ಮರೆತರು ನೋಡಿ. 15 ನಿಮಿಷಕ್ಕೊಮ್ಮೆ ಸುತ್ತಬೇಕು.

ಎಣಿಕೆಗಾರ: ಸುತ್ತಲಿಕ್ಕೆ ನೀವು ಬರ್ತೀರಾ? 6 ಜನ ಅಂತ ಅವರು ಮೊದಲೇ ಬರೆದಿದ್ದಾರೆ.

ಹೊಸಬ: ಅಂಕಿ ಬರೆಯುವ ದಿನ ಗಿರಾಕಿ ಸಮೀಕ್ಷೆ ನಿಲ್ಲಿಸಬಹುದಾ?

ಲೆಕ್ಕಿಗ: ನಿಲ್ಲಿಸಿ. ಒಂದು ಕೆಲಸದ ದಿನ, ಒಂದು ರಜಾ ದಿನ, ಎರಡೇ ದಿನ ಸಾಕು. 15 ನಿಮಿಷ.

ಎಣಿಕೆಗಾರ: 30.